ಹತ್ತು, ಒಂಬತ್ತು

ನಮ್ಮ ಕಾಲೇಜು ಚಿಕ್ಕದು. ಎರಡು ಮಹಡಿ, ಒಂದು ಸಭಾಂಗಣ, ಮುನ್ನೂರಕ್ಕೆ ಸ್ವಲ್ಪ ಕಡಿಮೆ ವಿದ್ಯಾರ್ಥಿಗಳು. ಹೊರಗಿನವರ ಮುಂದೆ ಹೇಳಿಕೊಳ್ಳುವಂಥದ್ದು ನಮ್ಮಲ್ಲಿ ಒಂದೇ ಒಂದಿದೆ. ಪ್ರತಿ ವರ್ಷ ಸ್ಥಾಪನೆಯ ದಿನ ನಾವೆಲ್ಲ ಸೇರಿ, ಈ ಕಾಲೇಜು ಇರಬೇಕೋ ಮುಚ್ಚಬೇಕೋ ಅಂತ ಮತ ಹಾಕುತ್ತೇವೆ.

ಇದರ ಹಿಂದಿನ ಕಥೆಯನ್ನು ಹೊಸ ಹುಡುಗ ಹುಡುಗಿಯರಿಗೆ ಹೇಳುವ ಕೆಲಸ ಹದಿನೆಂಟು ವರ್ಷಗಳಿಂದ ನನ್ನದು, ಯಾಕೆಂದರೆ ನಾನು ಇತಿಹಾಸದ ಮೇಷ್ಟ್ರು. ಕಾಲೇಜು ಕಟ್ಟಿದವರು ಒಬ್ಬ ಅಕ್ಕ, ಒಬ್ಬ ತಮ್ಮ. ಇಬ್ಬರೂ ಟೀಚರ್‌ಗಳು. ಹಿಟ್ಟಿನ ಗಿರಣಿಯೊಂದರ ಮೇಲಿನ ಮಹಡಿಯಲ್ಲಿ ಹತ್ತೊಂಬತ್ತು ಮಂದಿಯನ್ನು ಕೂರಿಸಿಕೊಂಡು ಶುರುಮಾಡಿದರು. ಮೊದಲ ವರ್ಷ ಮುಗಿಯುವ ಹೊತ್ತಿಗೆ ಇಬ್ಬರಿಗೂ ಕೈಸೋತಿತ್ತು. ಕೊನೆಗೆ ವಿದ್ಯಾರ್ಥಿಗಳನ್ನೇ ಕೇಳೋಣ ಅಂತ, ಇರಲಿ ಅನ್ನುವವರು ಬಿಳಿ ಚಾಕ್‌ಪೀಸ್, ಬೇಡ ಅನ್ನುವವರು ಕೆಂಪು ಚಾಕ್‌ಪೀಸ್ ಹಾಕಿ ಅಂತ ಒಂದು ಡಬ್ಬಿ ಇಟ್ಟರು. ಒಂದೇ ಒಂದು ಮತದಿಂದ ಕಾಲೇಜು ಉಳಿಯಿತು. ಸಭಾಂಗಣದಲ್ಲಿ ಆ ಅಕ್ಕನ ಫೋಟೋದ ಕೆಳಗೆ ಮರದ ಹಲಗೆಯ ಮೇಲೆ ಈಗಲೂ ಅದನ್ನು ಬರೆದಿದೆ: ‘ಹತ್ತು – ಒಂಬತ್ತು’. ಅಷ್ಟೇ, ಬೇರೇನೂ ಇಲ್ಲ.

ಈ ಕಥೆಯನ್ನು ನಾನು ಚೆನ್ನಾಗಿಯೇ ಹೇಳುತ್ತಿದ್ದೆ. ‘ಒಂದೇ ಒಂದು’ ಅನ್ನುವಲ್ಲಿ ಸ್ವಲ್ಪ ನಿಲ್ಲಿಸುತ್ತಿದ್ದೆ ಕೂಡ.

ಮತದಾನ ಅನ್ನುವುದು ಅರವತ್ತೆರಡು ವರ್ಷಗಳಲ್ಲಿ ಸವೆದು ಸವೆದು ಆಟವಾಗಿತ್ತು. ಪ್ರಿನ್ಸಿಪಾಲರಿಂದ ಹಿಡಿದು ಕಸ ಗುಡಿಸುವ ಅಮ್ಮನವರೆಗೆ ಎಲ್ಲರೂ ಪರದೆಯ ಹಿಂದೆ ಹೋಗಿ ಒಂದೊಂದು ಚೂರು ಹಾಕಿ ಬರುತ್ತಿದ್ದರು. ತಮಾಷೆಗೆ ಅಂತ ಹತ್ತು ಹದಿನೈದು ಕೆಂಪು ಚೂರು ಬೀಳುತ್ತಿದ್ದವು. ಎಣಿಸುವ ಹೊಣೆ ಮಾತ್ರ ಕಡೆಗೆ ಕೆಲಸಕ್ಕೆ ಸೇರಿದವರದು. ಅವರಿಗೆ ಇನ್ನೂ ಯಾರ ಮುಲಾಜೂ ಹುಟ್ಟಿರುವುದಿಲ್ಲ ಅಂತ ಆ ಪದ್ಧತಿ.

ಆ ವರ್ಷ ಕಡೆಗೆ ಸೇರಿದ್ದವರು ಭೌತಶಾಸ್ತ್ರದ ಲ್ಯಾಬಿಗೆ ಬಂದಿದ್ದ ಸಹಾಯಕಿ. ಮೂವತ್ತೆಂಟು ವಯಸ್ಸು. ಅವರ ಅಪ್ಪನದು ತಕ್ಕಡಿ ರಿಪೇರಿಯ ಅಂಗಡಿ. ಹದಿನಾರು ವರ್ಷ ಅಪ್ಪನ ಪಕ್ಕ ಕೂತು ಅಂಗಡಿಗಳ ತಕ್ಕಡಿ, ಔಷಧದವರ ತಕ್ಕಡಿ, ಚಿನ್ನದವರ ತಕ್ಕಡಿ ಎಲ್ಲವನ್ನೂ ಬಿಚ್ಚಿ ಜೋಡಿಸಿ, ಅಂಗಡಿ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದವರು. ಬಂದ ವಾರದಲ್ಲೇ ಲ್ಯಾಬಿನ ಒಂಬತ್ತು ತಕ್ಕಡಿಗಳಲ್ಲಿ ಏಳು ಸುಳ್ಳು ಹೇಳುತ್ತಿವೆ ಅಂತ ಬರೆದುಕೊಟ್ಟರು. ನಮ್ಮ ವಿದ್ಯಾರ್ಥಿಗಳ ಅಷ್ಟು ವರ್ಷಗಳ ಪ್ರಯೋಗದ ಉತ್ತರಗಳೆಲ್ಲ ಹೇಗೆ ಸರಿ ಬರುತ್ತಿದ್ದವು ಅಂತ ಅವರು ಮುಗ್ಧವಾಗಿ ಕೇಳಿದಾಗ ಭೌತಶಾಸ್ತ್ರದವರು ಕಿಟಕಿಯ ಕಡೆ ನೋಡಿದರಂತೆ. ವಿದ್ಯಾರ್ಥಿಗಳು ಅವರಿಗೆ ತಕ್ಕಡಿ ಅಕ್ಕ ಅಂತ ಹೆಸರಿಟ್ಟರು. ಅವರೂ ಅದಕ್ಕೆ ಓಗೊಟ್ಟರು.

ಎಣಿಕೆ ಲ್ಯಾಬಿನಲ್ಲೇ ನಡೆಯಿತು. ಪದ್ಧತಿಯಂತೆ ಇತಿಹಾಸದವನಾದ ನಾನು ಸಾಕ್ಷಿ. ಅಕ್ಕ ಡಬ್ಬಿಯನ್ನು ಮೇಜಿನ ಮೇಲೆ ಬಗ್ಗಿಸಿ, ಬಿಳಿ ಒಂದು ಕಡೆ, ಕೆಂಪು ಒಂದು ಕಡೆ, ಹತ್ತು ಹತ್ತರ ಸಾಲು ಮಾಡುತ್ತ ಹೋದರು. ಅರ್ಧಕ್ಕೆ ಬರುವಷ್ಟರಲ್ಲಿ ಕೆಂಪಿನ ಸಾಲುಗಳು ಬಿಳಿಯ ಸಾಲುಗಳಿಗೆ ಸಮ ಬಂದಿದ್ದವು. ಬಿಳಿ ನೂರ ಐವತ್ತಮೂರು, ಕೆಂಪು ನೂರ ಐವತ್ತಾರು. ಅವರು ಎಲ್ಲವನ್ನೂ ಮತ್ತೆ ಬೆರೆಸಿ ಎರಡನೇ ಸಲ ಎಣಿಸಿದರು, ಆಮೇಲೆ ಮೂರನೇ ಸಲ. ಲೆಕ್ಕ ಬದಲಾಗಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಆ ಕೆಂಪು ಚೂರುಗಳಲ್ಲಿ ಒಂದು ನನ್ನದು. ಹದಿನೇಳು ವರ್ಷ ಬಿಳಿ ಹಾಕಿದವನ ಕೈ ಆ ದಿನ ಪರದೆಯ ಹಿಂದೆ ತಾನಾಗಿ ಕೆಂಪಿನ ಕಡೆ ಹೋಯಿತು. ಜಗಳವಿಲ್ಲ, ಸಿಟ್ಟಿಲ್ಲ. ಸಾಕಾಗಿತ್ತು, ಅಷ್ಟೆ. ಹೇಗೂ ಬಿಳಿಯೇ ಗೆಲ್ಲುತ್ತದಲ್ಲ ಅನ್ನುವ ಧೈರ್ಯದಲ್ಲಿ ಹಾಕಿದೆ. ಆಮೇಲೆ ನೋಡಿದರೆ ನೂರ ಐವತ್ತಾರು ಮಂದಿಗೂ ಅದೇ ಧೈರ್ಯ ಇತ್ತು.

ತಡವಾಯಿತು ಅಂತ ಪ್ರಿನ್ಸಿಪಾಲರೇ ಲ್ಯಾಬಿಗೆ ಬಂದರು. ಕೆಟ್ಟ ಮನುಷ್ಯರೇನಲ್ಲ. ಮಳೆಗೆ ಛಾವಣಿ ಸೋರಿದರೆ ತಾವೇ ಬಕೆಟ್ ಹಿಡಿದು ಓಡುವವರು. ಸಾಲುಗಳನ್ನು ನೋಡಿ ಮೊದಲು ನಕ್ಕರು, ಆಮೇಲೆ ಇನ್ನೊಮ್ಮೆ ನೋಡಿದರು. ಪರೀಕ್ಷೆಗೆ ಎರಡೂವರೆ ತಿಂಗಳಿದೆ, ವಿಶ್ವವಿದ್ಯಾಲಯಕ್ಕೆ ಏನಂತ ಬರೆಯಲಿ, ಚಾಕ್‌ಪೀಸ್ ಹೇಳಿತು ಅಂತಲಾ ಅಂದರು. ನಂತರ ದನಿ ತಗ್ಗಿಸಿ ಅಕ್ಕನ ಹತ್ತಿರ ಹೇಳಿದರು: “ನೋಡಿ, ಬರೀ ಎರಡು ಚೂರಿನ ಮಾತು. ಈ ಎರಡು ಆ ಕಡೆ ಹೋದರೆ ಎಲ್ಲರೂ ಸುಖವಾಗಿ ಮನೆಗೆ ಹೋಗ್ತಾರೆ.”

ಅಕ್ಕ ಕೈಗೆ ಹತ್ತಿದ್ದ ಚಾಕ್ ಪುಡಿಯನ್ನು ಒರೆಸಿಕೊಂಡರು.

“ಸರ್, ನಮ್ಮ ಅಂಗಡಿಗೂ ಹೀಗೆ ಹೇಳಿಕೊಂಡು ಬರೋರು. ಒಂದೆರಡು ಗ್ರಾಂ ಅಷ್ಟೇ ಅಲ್ವಾ ಅಂತ. ಅಪ್ಪ ತಕ್ಕಡಿ ವಾಪಸ್ ಕೊಟ್ಟು ಕಳಿಸೋರು. ನನಗೆ ಬೇರೆ ಥರ ಎಣಿಸೋಕೆ ಬರಲ್ಲ. ನಿಮಗೆ ಬೇರೆ ಲೆಕ್ಕ ಬೇಕಿದ್ರೆ ಬೇರೆಯವರ ಕೈಲಿ ಎಣಿಸಿ, ಆದ್ರೆ ನಾನು ಎಣಿಸಿದೆ ಅಂತ ಹೇಳಬೇಡಿ.”

ಗದರಲಿಲ್ಲ, ನಡುಗಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ ಹೇಳಿದರು. ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ತಕ್ಕಡಿಗಳನ್ನು ನೋಡಿದೆ.

ಅಕ್ಕ ಸಭಾಂಗಣಕ್ಕೆ ಹೋಗಿ ಕರಿಹಲಗೆಯ ಮೇಲೆ ಎರಡೂ ಸಂಖ್ಯೆ ಬರೆದು ಇಳಿದರು. ಹಿಂದಿನ ಸಾಲಿನಿಂದ ಯಾರೋ ಒಬ್ಬ ಸಿಳ್ಳೆ ಹಾಕಿದ. ಜೊತೆಗೆ ಇನ್ನೊಂದು ಸಿಳ್ಳೆ ಬರದಿದ್ದಾಗ ಅವನೂ ಸುಮ್ಮನಾದ. ನಗಬೇಕೋ ಬೇಡವೋ ಅಂತ ಒಬ್ಬರ ಮುಖ ಒಬ್ಬರು ನೋಡುತ್ತ ಎಲ್ಲರೂ ಎದ್ದು ಹೋದರು.

ಮರುದಿನ ‘ತರಗತಿಗಳು ಎಂದಿನಂತೆ ನಡೆಯುತ್ತವೆ’ ಅಂತ ನೋಟೀಸು ಬಿತ್ತು. ಹನ್ನೊಂದು ಗಂಟೆಯೊಳಗೆ ಅದರ ಕೆಳಗೆ ದುಂಡನೆಯ ಅಕ್ಷರದಲ್ಲಿ ಯಾರೋ ಬರೆದಿದ್ದರು: ‘ಯಾರ ಮತದಿಂದ?’ ಆ ಅಕ್ಷರ ಯಾರದೆಂದು ನನಗೆ ಗೊತ್ತಿತ್ತು. ಕೊನೆಯ ವರ್ಷದ ಹುಡುಗಿಯೊಬ್ಬಳದು. ಪ್ರತಿ ಪಾಠದ ಕೊನೆಗೆ ಕೈ ಎತ್ತುತ್ತಿದ್ದುದರಿಂದ ನಾವು ಸ್ಟಾಫ್ ರೂಮಿನಲ್ಲಿ ಅವಳನ್ನು ಪ್ರಶ್ನೆ ಅಂತಲೇ ಕರೆಯುತ್ತಿದ್ದೆವು. ಅರ್ಧಕ್ಕರ್ಧ ಹಾಜರಿ ಇಲ್ಲದ ತರಗತಿಗಳಲ್ಲಿ ಎರಡು ದಿನ ಹೇಗೋ ಕಳೆಯಿತು. ಬಂದವರೂ ಮದುವೆ ಮುರಿದ ಮನೆಗೆ ಊಟಕ್ಕೆ ಬಂದ ನೆಂಟರ ಹಾಗೆ ಕೂತಿದ್ದರು.

ಮೂರನೇ ದಿನ ಮಧ್ಯಾಹ್ನ ತಕ್ಕಡಿ ಅಕ್ಕ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ತಮ್ಮ ಜೊತೆ ಸ್ವಲ್ಪ ಹೊರಗೆ ಬರಬೇಕು ಅಂದರು. ತಕ್ಕಡಿಯ ಪೆಟ್ಟಿಗೆಗೆ ಗಾಜು ಕತ್ತರಿಸಿಕೊಂಡು ಬರಲು ಹೋಗಿದ್ದಾಗ ಗಾಜಿನ ಅಂಗಡಿಯ ಯಜಮಾನರಿಗೆ ಸುಮ್ಮನೆ ಮಾತಿಗೆ ಅಂತ ಈ ಮತದ ವಿಷಯ ಹೇಳಿದರಂತೆ. ಆ ಯಜಮಾನರು ಅವರ ಅಪ್ಪನ ಕಾಲದ ಸ್ನೇಹಿತರು, ಎಂಬತ್ತು ವರ್ಷದವರು. ಕೇಳಿ ಬಿದ್ದು ಬಿದ್ದು ನಕ್ಕು ಏನೋ ಒಂದು ಹೇಳಿದ್ದಾರೆ. ಏನು ಅಂತ ನಾನು ಕೇಳಿದೆ. ಅಕ್ಕ ಹೇಳಲಿಲ್ಲ.

“ನೀವೇ ಬಂದು ಕೇಳಿ ಸರ್. ಒಬ್ಬರು ಕೇಳಿದ್ರೆ ಕಥೆ, ಇಬ್ಬರು ಕೇಳಿದ್ರೆ ಸಾಕ್ಷಿ.”

ಗಾಜಿನ ಅಂಗಡಿ ಎರಡು ಬೀದಿ ಆಚೆ. ಉದ್ದನೆಯ ಕೋಣೆ, ಎರಡೂ ಗೋಡೆಗೆ ಗಾಜಿನ ಹಾಳೆಗಳನ್ನು ಒರಗಿಸಿಟ್ಟಿದ್ದರು. ನಡುವೆ ಕಂಬಳಿ ಹಾಸಿದ ಮೇಜು. ಯಜಮಾನರು ಅಳತೆಪಟ್ಟಿ ಇಟ್ಟು ಒಂದು ಗೆರೆ ಎಳೆದು, ಗಾಜನ್ನು ಮೇಜಿನ ಅಂಚಿಗೆ ತಂದು ಟಕ್ ಅಂತ ಮುರಿದು, ಆಮೇಲೆ ನಮ್ಮ ಕಡೆ ತಿರುಗಿದರು. ನಾನು ಇತಿಹಾಸದ ಮೇಷ್ಟ್ರು ಅಂತ ಅಕ್ಕ ಪರಿಚಯ ಮಾಡಿಸಿದರು.

“ಹಾಗಿದ್ರೆ ನೀವೇ ಹೇಳಿ ಮೇಷ್ಟ್ರೇ, ಆ ಹಲಗೆ ಮೇಲೆ ಹತ್ತು ಅಂತ ಇದೆಯಲ್ಲ, ಆ ಹತ್ತು ಯಾರು?”

ಕಾಲೇಜು ಇರಲಿ ಅಂದವರು ಅಂದೆ.

“ಅಲ್ಲ. ಹತ್ತು ಅಂದ್ರೆ ನಾವು. ಕೆಂಪು ಹಾಕಿದವರು.” ಅವರು ಎದೆಯ ಮೇಲೆ ಬೆರಳಿಟ್ಟುಕೊಂಡರು. “ಕಾಲೇಜು ಸೋತಿತ್ತು, ಮೇಷ್ಟ್ರೇ. ಮುಚ್ಚಿಯೂ ಆಗಿತ್ತು. ಎಂಟು ದಿನ.”

ಅವರು ಹೇಳಿದ್ದು ಇಷ್ಟು. ಮತ ಎಣಿಸಿದ ಮೇಲೆ, ಕಾಲೇಜು ಕಟ್ಟಿದ ಆ ಅಕ್ಕ ಟೀಚರ್ ಬಾಗಿಲಿಗೆ ಬೀಗ ಹಾಕಿದರು. ಹಾಕಿ ಮನೆಯಲ್ಲಿ ಕೂರಲಿಲ್ಲ. ಕೆಂಪು ಹಾಕಿದವರು ಯಾರಾದರೂ ಸರಿ, ಬಂದು ಕಾರಣ ಹೇಳಿ, ಹೆಸರು ಬರೆಯುವುದಿಲ್ಲ, ಕಾರಣ ಮಾತ್ರ ಬರೆದುಕೊಳ್ಳುತ್ತೇನೆ ಅಂತ ಎಲ್ಲರಿಗೂ ಹೇಳಿಕಳಿಸಿದರು. ಒಬ್ಬೊಬ್ಬರಾಗಿ ಹತ್ತು ಜನವೂ ಹೋದರು. ಗಿರಣಿಯ ಸದ್ದಿಗೆ ಪಾಠ ಕೇಳಿಸುವುದಿಲ್ಲ ಅಂದವರು ನಾಲ್ಕು ಜನ. ನಮ್ಮ ಪದವಿಗೆ ಯಾರಾದರೂ ಬೆಲೆ ಕೊಡುತ್ತಾರಾ ಅಂದವರು ಇಬ್ಬರು. ಒಬ್ಬಳು ಕೂರಲು ಹುಡುಗಿಯರಿಗೆ ಬೇರೆ ಕೋಣೆ ಇಲ್ಲ ಅಂದಳು. ಈ ಯಜಮಾನರು, ಆಗ ಹದಿನೆಂಟರ ಹುಡುಗ, ಆ ಅಕ್ಕನ ತಮ್ಮ ತುಂಬಾ ವೇಗವಾಗಿ ಪಾಠ ಮಾಡುತ್ತಾರೆ, ತನ್ನಂಥವನು ಹಿಂದೆ ಬೀಳುತ್ತಾನೆ ಅಂದರು. ಉಳಿದಿಬ್ಬರ ಕಾರಣ ಅವರಿಗೆ ನೆನಪಿರಲಿಲ್ಲ. ಅಕ್ಕ ಟೀಚರ್ ಎಲ್ಲವನ್ನೂ ಬರೆದುಕೊಂಡು, ಎಂಟೇ ದಿನದಲ್ಲಿ ಊರೆಲ್ಲ ಅಲೆದು ಈಗಿನ ಕಟ್ಟಡ ಹುಡುಕಿದರು. ಒಂಬತ್ತನೇ ದಿನ ಅಲ್ಲಿ ಪಾಠ ಶುರುವಾಯಿತು. ಹತ್ತೊಂಬತ್ತರಲ್ಲಿ ಹದಿನೇಳು ಮಂದಿ ಬಂದರು.

ಬಾರದ ಇಬ್ಬರಲ್ಲಿ ಯಜಮಾನರೂ ಒಬ್ಬರು. ಅಷ್ಟರಲ್ಲಿ ಅವರ ಸೋದರಮಾವ ಈ ಅಂಗಡಿಗೆ ಕರೆದುಕೊಂಡಿದ್ದರು, ಕೈಗೆ ಕೆಲಸ ಹತ್ತಿತ್ತು. ಪದವಿ ಇಲ್ಲದವರಾದ್ದರಿಂದ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಸ್ಥಾಪನೆಯ ದಿನಕ್ಕೆ ಅವರನ್ನು ಯಾರೂ ಕರೆದಿರಲಿಲ್ಲ.

ಬೇಸರವಿಲ್ಲವೇ ಅಂತ ಕೇಳಿದೆ.

“ಯಾಕೆ? ಈ ಊರಿನ ಅರ್ಧ ಕಿಟಕಿ ನನ್ನ ಕೈ ದಾಟಿಯೇ ಹೋಗಿವೆ. ಕಾಲೇಜು ಮುಗಿಸಲಿಲ್ಲ, ನಿಜ. ಆದ್ರೆ ನಮ್ಮ ಹತ್ತು ಜನ ಬೇಡ ಅನ್ನದಿದ್ರೆ ನೀವು ಇವತ್ತಿಗೂ ಗಿರಣಿ ಮೇಲೆ ಕೂತು ಕಿರುಚ್ತಾ ಇರ್ತಿದ್ರಿ.” ಮುರಿದ ಗಾಜಿನ ಅಂಚನ್ನು ಬೆರಳಿನಿಂದ ಸವರಿ ನೋಡಿದರು. “ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ. ನೀವು ಕನ್ನಡಿ ಹುಡುಕಿಕೊಂಡು ನನ್ನ ಅಂಗಡಿ ತನಕ ಬಂದ್ರಿ ನೋಡಿ.”

ವಾಪಸ್ ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಹದಿನೆಂಟು ವರ್ಷ, ವರ್ಷಕ್ಕೆ ನೂರು ಮಂದಿಗೆ, ಒಂದು ಕಥೆಯನ್ನು ತಲೆಕೆಳಗಾಗಿ ಹೇಳಿದ್ದೆ. ಅದೂ ಇತಿಹಾಸದವನಾಗಿ. ಅಕ್ಕ ಮಾತ್ರ ದಾರಿಯಲ್ಲೇ ಮುಂದಿನದನ್ನು ಯೋಚಿಸಿದ್ದರು. ಯಜಮಾನರು ಹೇಳಿದ್ದನ್ನು ತೂಗಿ ನೋಡಬೇಕು, ಮೊದಲ ವರ್ಷದ ಹಾಜರಿ ಪುಸ್ತಕ ಎಲ್ಲಿದೆ ಅಂದರು. ಲೈಬ್ರರಿಯ ಕಬ್ಬಿಣದ ಬೀರುವಿನಲ್ಲಿತ್ತು. ಅದನ್ನು ನಾನು ಪ್ರತಿ ವರ್ಷ ಪ್ರದರ್ಶನಕ್ಕೆ ಅಂತ ಹೊರಗೆ ತೆಗೆದು ಮೊದಲ ಪುಟ ತೆರೆದಿಡುತ್ತಿದ್ದೆ. ಮುಂದಿನ ಪುಟಗಳನ್ನು ತಿರುವಿರಲಿಲ್ಲ.

ಕೊನೆಯ ಪುಟಗಳಲ್ಲಿ ಎಂಟು ದಿನದ ಅಂಕಣಗಳು ಖಾಲಿ. ಅಡ್ಡಲಾಗಿ ಓರೆ ಅಕ್ಷರದಲ್ಲಿ ‘ಮತದಂತೆ ಮುಚ್ಚಿದೆ’ ಅಂತ ಬರೆದಿತ್ತು. ಒಂಬತ್ತನೇ ದಿನದಿಂದ ಮತ್ತೆ ಹಾಜರಿ. ಹದಿನಾಲ್ಕನೇ ಸಂಖ್ಯೆ ಗಾಜಿನ ಯಜಮಾನರದು, ಅದರ ಮುಂದೆ ಆಮೇಲೆ ಒಂದು ಗುರುತೂ ಇಲ್ಲ. ಹೆಸರನ್ನು ಮಾತ್ರ ಯಾರೂ ಹೊಡೆದುಹಾಕಿರಲಿಲ್ಲ.

ಪುಸ್ತಕವನ್ನು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟೆವು. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಓದಿದರು. ಅಷ್ಟು ವರ್ಷದಿಂದ ಅವರೂ ಆ ಹಲಗೆಯ ಕೆಳಗೆ ನಿಂತು ಭಾಷಣ ಮಾಡಿದವರೇ. ಪುಸ್ತಕ ಮುಚ್ಚಿಟ್ಟು, ಹಾಗಾದರೆ ನಾವೂ ಎಂಟು ದಿನ ಮುಚ್ಚೋಣ ಅಂದರು. ಕಡತದಲ್ಲಿ ಅಧ್ಯಯನ ರಜೆ ಅಂತ ಬರೆದುಕೊಂಡರೆ ಆಯಿತು. ಆಮೇಲೆ ಅಕ್ಕನ ಕಡೆ ತಿರುಗಿ, ಆ ಎರಡು ಚೂರಿನ ಮಾತು ಆಡಬಾರದಿತ್ತು ಅಂದರು. ಅಕ್ಕ, ಇರಲಿ ಬಿಡಿ ಸರ್, ಕೇಳೋರು ಕೇಳ್ತಾರೆ ಅಂದು, ಗೇಟಿನ ಹತ್ತಿರ ಹಾಕಲು ಒಂದು ಮೇಜು ಬೇಕು ಅಂದರು.

ಮೇಜು, ಎರಡು ಕುರ್ಚಿ, ಒಂದು ದಪ್ಪ ನೋಟ್‌ಬುಕ್. ಗೇಟಿಗೆ ಬೀಗ. ಹೆಸರು ಬರೆಯುವುದಿಲ್ಲ, ಕಾರಣ ಮಾತ್ರ ಅಂತ ಒಂದು ರಟ್ಟು. ಮೊದಲ ದಿನ ಯಾರೂ ಬರಲಿಲ್ಲ. ಅಕ್ಕ ಒಂದು ತಕ್ಕಡಿಯನ್ನು ಬಿಚ್ಚಿಕೊಂಡು ಒರೆಸುತ್ತ ಸಂಜೆಯವರೆಗೂ ಕೂತಿದ್ದರು. ಎರಡನೇ ದಿನ ಪ್ರಶ್ನೆ ಬಂದಳು.

ನಾನು ಅಲ್ಲೇ ಪಕ್ಕದಲ್ಲಿದ್ದೆ. ಅವಳು ನನ್ನನ್ನು ನೋಡಿ ತಡೆದಳು. ಅಕ್ಕ, ಹೇಳಮ್ಮ, ಇವರಿಗೂ ಕಿವಿ ಇದೆ ಅಂದರು.

ಲೈಬ್ರರಿ ನಾಲ್ಕಕ್ಕೆ ಮುಚ್ಚುತ್ತದೆ, ನಮ್ಮ ಪಾಠ ಮುಗಿಯುವುದೂ ನಾಲ್ಕಕ್ಕೆ, ಹಾಗಿದ್ದರೆ ಆ ಪುಸ್ತಕಗಳು ಯಾರಿಗೆ ಅಂತ ಮೊದಲು ಕೇಳಿದಳು. ಎರಡನೆಯದು ಸೂಕ್ಷ್ಮದರ್ಶಕಗಳದು. ಏಳು ಜನರಿಗೆ ಒಂದು. ಮೂರನೆಯದು ಹೇಳುವಾಗ ನೆಲ ನೋಡಿದಳು.

“ನಮ್ಮಕ್ಕನೂ ಇಲ್ಲೇ ಓದಿದ್ದು. ಹನ್ನೊಂದು ವರ್ಷದ ಹಿಂದೆ. ಅವಳ ಇತಿಹಾಸದ ನೋಟ್ಸ್ ಮನೇಲಿದೆ. ಅದನ್ನ ಇಟ್ಕೊಂಡು ಸರ್ ಪಾಠಕ್ಕೆ ಕೂತ್ಕೊಂಡ್ರೆ ಒಂದು ಅಕ್ಷರನೂ ಬದಲಾಗಿಲ್ಲ. ಜೋಕ್ ಇರೋ ಕಡೆ ಅವಳು ‘ನಗು’ ಅಂತ ಬರೆದಿದ್ದಾಳೆ. ಸರ್ ಅಲ್ಲೇ ನಗ್ತಾರೆ.”

ಅಕ್ಕ ತಲೆ ಎತ್ತದೆ ಎಲ್ಲವನ್ನೂ ಬರೆದುಕೊಂಡರು. ಆ ಹುಡುಗಿಗೆ ನನ್ನ ಮೇಲೆ ದ್ವೇಷವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೆ. ಅವಳು ಹೋದ ಮೇಲೆ ನಾನು ಖಾಲಿ ಕುರ್ಚಿಯಲ್ಲಿ ಕೂತೆ. ನಾನೂ ಕೆಂಪು ಹಾಕಿದ್ದೆ, ಬರೆದುಕೊಳ್ಳಿ ಅಂದೆ. ಅಕ್ಕನಿಗೆ ಆಶ್ಚರ್ಯವಾಯಿತೋ ಇಲ್ಲವೋ ಮುಖದಲ್ಲಿ ಕಾಣಲಿಲ್ಲ. ಪೆನ್ನು ಹಿಡಿದು, ಕಾರಣ ಅಂದರು.

“ಬೇಸರ.”

“ಯಾವುದರ ಮೇಲೆ?”

“ಈಗ ಆ ಹುಡುಗಿ ಹೇಳಿದಳಲ್ಲ, ಅದೇ. ಅವಳಿಗೆ ಕೇಳಿ ಬೇಸರ, ನನಗೆ ಹೇಳಿ ಬೇಸರ.”

“ಹಾಗಿದ್ರೆ ಬೇರೆ ಬರೆಯೋದು ಬೇಡ,” ಅಂದು ಅವಳ ಮೂರನೇ ಕಾರಣದ ಮುಂದೆ ‘ಎರಡು’ ಅಂತ ಹಾಕಿದರು.

ಮೂರನೇ ದಿನದಿಂದ ಸಾಲು ಹತ್ತಿತು. ಒಬ್ಬರು ಧೈರ್ಯ ಮಾಡಿದ ಮೇಲೆ ಉಳಿದವರಿಗೆ ಏನು ಕಷ್ಟ? ಬಾಗಿಲಿಲ್ಲದ ಶೌಚಾಲಯ, ಬಸ್ಸಿನ ವೇಳೆಗೂ ಪಾಠದ ವೇಳೆಗೂ ತಾಳೆಯಿಲ್ಲದ್ದು, ಎರಡು ವರ್ಷದಿಂದ ಮೇಷ್ಟ್ರೇ ಇಲ್ಲದ ಸಸ್ಯಶಾಸ್ತ್ರ. ಗುಡಿಸುವ ಅಮ್ಮ ಬಂದು, ತಾನೂ ಕೆಂಪು, ಮೇಲಿನ ಮಹಡಿಗೆ ನೀರು ಹೊತ್ತು ಹೊತ್ತು ಮಂಡಿ ಹೋಯಿತು ಅಂದರು. ಒಬ್ಬ ಮಾತ್ರ ತಾನು ಪ್ರೀತಿಸಿದ ಹುಡುಗಿ ಬೇರೆ ಕಾಲೇಜಿಗೆ ಸೇರಿದಳು, ಅದಕ್ಕೇ ಕೆಂಪು ಅಂದ. ಅಕ್ಕ ಅದನ್ನೂ ಗಂಭೀರವಾಗಿ ಬರೆದು, ಇದು ನಮ್ಮಿಂದ ಆಗೋದಲ್ಲಪ್ಪ ಅಂತ ಹೇಳಿ ಕಳಿಸಿದರು. ಎಂಟನೇ ದಿನದ ಸಂಜೆಗೆ ನೂರ ಮೂವತ್ತೊಂದು ಜನ ಬಂದು ಹೋಗಿದ್ದರು.

ನೋಟ್‌ಬುಕ್ಕನ್ನು ಪ್ರಿನ್ಸಿಪಾಲರು ಸಭಾಂಗಣದಲ್ಲಿ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ತಮ್ಮ ಬಗ್ಗೆ ಇದ್ದದ್ದನ್ನೂ ಬಿಡಲಿಲ್ಲ. ಆಗುವುದು ಯಾವುದು, ಆಗದ್ದು ಯಾವುದು ಅಂತ ಅಲ್ಲೇ ಹೇಳಿದರು. ಸೂಕ್ಷ್ಮದರ್ಶಕ ಈ ವರ್ಷ ಆಗದು. ಸಸ್ಯಶಾಸ್ತ್ರಕ್ಕೆ ನಿವೃತ್ತರಾದ ಮೇಡಂ ಒಬ್ಬರು ವಾರಕ್ಕೆ ಮೂರು ದಿನ ಬರುತ್ತಾರೆ. ಮೇಲಿನ ಮಹಡಿಗೆ ನಲ್ಲಿ ಬರುತ್ತದೆ. ಲೈಬ್ರರಿ ಆರರವರೆಗೆ ತೆರೆದಿರುತ್ತದೆ, ಕೂರಲು ಯಾರೂ ಇಲ್ಲದಿದ್ದರೆ ನಾನೇ ಕೂರುತ್ತೇನೆ ಅಂದರು. ಬಂದ ಚಪ್ಪಾಳೆ ಜೋರಾಗಿರಲಿಲ್ಲ, ಆದರೆ ನಿಜವಾಗಿತ್ತು.

ಒಂಬತ್ತನೇ ದಿನ ಗೇಟು ತೆರೆಯಿತು. ನಾಲ್ಕು ಜನ ಮತ್ತೆ ಬರಲೇ ಇಲ್ಲ. ನನ್ನ ಮೊದಲ ಪಾಠಕ್ಕೆ ನೋಟ್ಸ್ ಮನೆಯಲ್ಲೇ ಬಿಟ್ಟು ಬಂದಿದ್ದೆ. ಎರಡು ಕಡೆ ಇಸವಿ ತಪ್ಪಿತು, ಒಂದು ಕಡೆ ಹೇಳುತ್ತಿದ್ದುದೇ ಮರೆತುಹೋಯಿತು. ಪಾಠ ಮುಗಿದ ಮೇಲೆ ಪ್ರಶ್ನೆ ನನ್ನ ಮೇಜಿನ ಹತ್ತಿರ ಬಂದು, ಚೆನ್ನಾಗಿರಲಿಲ್ಲ ಸರ್, ಆದ್ರೆ ನಿದ್ದೆ ಬರಲಿಲ್ಲ ಅಂದಳು. ಆ ವಾರದಲ್ಲಿ ಇನ್ನೊಂದು ಕೆಲಸ ಮಾಡಿದೆ. ಹೊಸ ವಿದ್ಯಾರ್ಥಿಗಳನ್ನೆಲ್ಲ ಮತ್ತೆ ಸೇರಿಸಿ, ನಾನು ನಿಮಗೆ ತಪ್ಪು ಹೇಳಿದ್ದೆ ಅಂತ ಶುರುಮಾಡಿ, ಗಾಜಿನ ಅಂಗಡಿಯಲ್ಲಿ ಕೇಳಿದ್ದನ್ನು ಇದ್ದ ಹಾಗೇ ಹೇಳಿದೆ. ಈ ಸಲ ಎಲ್ಲಿಯೂ ನಿಲ್ಲಿಸಬೇಕಾಗಲಿಲ್ಲ.

ತಕ್ಕಡಿ ಅಕ್ಕ ಅಲ್ಲಿಗೂ ಬಿಡಲಿಲ್ಲ. ಹದಿನಾಲ್ಕನೇ ಸಂಖ್ಯೆಯವರ ಹೆಸರು ಹಾಜರಿಯಲ್ಲಿ ಇನ್ನೂ ಇದೆ, ಹೊಡೆದುಹಾಕಿಲ್ಲ, ಅಂದಮೇಲೆ ಅವರು ನಮ್ಮ ವಿದ್ಯಾರ್ಥಿಯೇ ಅಲ್ಲವೇ ಅಂತ ಪ್ರಿನ್ಸಿಪಾಲರನ್ನು ಕೇಳಿದರು. ಪ್ರಿನ್ಸಿಪಾಲರಿಗೆ ಇಲ್ಲ ಅನ್ನಲು ಕಾರಣ ಸಿಗಲಿಲ್ಲ. ಲೈಬ್ರರಿಯ ಕಾರ್ಡೊಂದು ತಯಾರಾಯಿತು. ಅದನ್ನು ಅಂಗಡಿಗೆ ಒಯ್ದು ಕೊಟ್ಟಾಗ ಯಜಮಾನರು ತಿರುಗಿಸಿ ಮುರುಗಿಸಿ ನೋಡಿದರಂತೆ. ಫೋಟೋ ಬೇಡವಾ ಮಗಳೇ ಅಂತ ಮಾತ್ರ ಕೇಳಿದರಂತೆ.

ಮರುದಿನ ಐದು ಗಂಟೆಗೆ ಒಗೆದ ಅಂಗಿ ತೊಟ್ಟು ಬಂದರು. ಲೈಬ್ರರಿಯಲ್ಲಿ ಆರೇಳು ಜನ ಓದುತ್ತಿದ್ದರು, ಕಾವಲಿಗೆ ನಾನಿದ್ದೆ. ಯಾವ ಪುಸ್ತಕ ಬೇಕು ಅಂದೆ. ಅವರು ನನ್ನ ಮಾತು ಕೇಳಿಸಿಕೊಳ್ಳದೆ ನೇರ ಪಶ್ಚಿಮದ ಕಿಟಕಿಯ ಹತ್ತಿರ ಹೋಗಿ, ಕತ್ತು ವಾಲಿಸಿ ನಿಂತರು.

“ಇದನ್ನ ಕೂರಿಸಿದ್ದು ಯಾರು? ಗಾಜು ಓರೆಯಾಗಿದೆ. ಬೆಳಕು ಅಡ್ಡ ಬಿದ್ದು ಮಕ್ಕಳ ಕಣ್ಣು ಹೋಗತ್ತೆ.”

ಕಾರಣವನ್ನು ನೋಟ್‌ಬುಕ್ಕಿನಲ್ಲಿ ಬರೆಯಲೇ ಅಂತ ಕೇಳಿದೆ. ಬರೆದರೆ ಸರಿಹೋಗತ್ತಾ ಅಂದು, ಜೇಬಿನಿಂದ ಅಳತೆಪಟ್ಟಿ ತೆಗೆದು ಚೌಕಟ್ಟಿಗೆ ಹಿಡಿದರು. ಕಿಟಕಿಯ ಪಕ್ಕ ಕೂತಿದ್ದ ಪ್ರಶ್ನೆ ಪುಸ್ತಕ ಮಡಚಿಟ್ಟು, ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಳ್ಳಲು ಎದ್ದಳು.